ಸಾವಂತ್ರವ್ವ ಹೆಣೆದ ಮೀಸೆ

ಸಾವಂತ್ರವ್ವನ ಗಂಡ ಟೀವಿಯಲ್ಲಿ ಬರುತ್ತಾನೆ ಎಂಬುದು ಮಿರಜಿನ ಸಿತಾರ ಮಾಡುವವರ ಓಣಿಯಲ್ಲಿ ಕೂಸುಕುನ್ನಿಗೆಲ್ಲ ಗೊತ್ತು. ಟೀವಿಯಲ್ಲಿ ಬರುವುದು ಗಂಡನಲ್ಲ, ಗಂಡನ ಮೀಸೆ ಎಂಬುದು ಮಾತ್ರ ಸಾವಂತ್ರವ್ವ ಒಬ್ಬಳಿಗೇ ಗೊತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಅವಳ ಗಂಡ ಅಮೋಘಸಿದ್ಧ ಅದೇ ಓಣಿಯ ಒಂದು ಕಾರಖಾನೆಯಲ್ಲಿ ಕುಂಬಳದ ಬುರುಡೆ ಕೆರೆದು ಸಿತಾರಿಗೆ ಬಣ್ಣ ಹಚ್ಚುವ ಕೆಲಸ ಮಾಡುತ್ತಿದ್ದ. ಸಿತಾರ ಹೇಗೆ ಮಾಡುತ್ತಾರೆಂದು ಚಿತ್ರ ತೆಗೆಯಲು ಮುಂಬೈಯಿಂದ ಬಂದವರು ಸಿತಾರ ಬಿಟ್ಟು ಇವನ ಮೀಸೆಯನ್ನೇ ನೋಡುತ್ತ ನಿಂತರು. ನೋಡುವಂಥದ್ದೇ ಬಿಡಿ. ಮ್ಹೈಸಾಳದಲ್ಲಿ ಕುರಿ ಕಾಯ್ದ ಮನೆತನದ ಮೀಸೆ ಅದು. ಮೂಗಿನ ಕೆಳಗೆ ಹುಟ್ಟಿ, ಗಲ್ಲದ ಮೇಲೆ ಬೆಳೆದು, ಕಿವಿಯ ಹತ್ತಿರ ಹೋಗಿ ಮುಂದೇನು ಮಾಡಲಿ ಎಂದು ವಿಚಾರ ಮಾಡುತ್ತ ನಿಲ್ಲುವಂಥದ್ದು. ಅವರು ಅದನ್ನು (ಅದರ ಹಿಂದಿದ್ದ ಅಮೋಘಸಿದ್ಧನನ್ನೂ ಸೇರಿಸಿ) ಕರೆದುಕೊಂಡು ಹೋಗಿ ಸಿನಿಮಾದ ಒಬ್ಬ ಜಮೀನ್ದಾರನ ಬಾಗಿಲಲ್ಲಿ ಕೋಲು ಕೊಟ್ಟು ನಿಲ್ಲಿಸಿದರು. ಅಂದಿನಿಂದ ಅವನು ನಿಂತೇ ಇದ್ದಾನೆ. ಪಂಚಾಯತಿಯಲ್ಲಿ ಐದನೆಯ ಪಂಚನಾಗಿ ನಿಂತ, ಮದುವೆಯಲ್ಲಿ ಹೆಣ್ಣಿನ ಕಡೆಯವನಾಗಿ ನಿಂತ, ಪೋಲೀಸರು ಬಂದಾಗ ಗುಂಪಿನಲ್ಲಿ ನಿಂತ. ಈಗ ನಾಲ್ಕು ವರ್ಷದಿಂದ ಏಳೂವರೆಯ ಮರಾಠಿ ಧಾರಾವಾಹಿಯಲ್ಲಿ ವಾಡೆಯ ಹಳೆಯ ಆಳು ತಾತ್ಯಾ ಆಗಿ ಕಂಬಕ್ಕೆ ಒರಗಿ ನಿಂತಿದ್ದಾನೆ. ಇಷ್ಟು ವರ್ಷದಲ್ಲಿ ಅವನ ಬಾಯಿಂದ ಹೊರಟ ಮಾತು ಎರಡೇ. ಒಂದು, "ಹೋಯ್ ಮಾಲಕ", ಹೌದು ಧಣಿ. ಇನ್ನೊಂದು, "ನಾಹೀ ಮಾಲಕ", ಇಲ್ಲ ಧಣಿ.

ಆ ಎರಡು ಮಾತಿಗೆ ಅವನು ಪಡುವ ಶ್ರಮ ಮಾತ್ರ ಅಪಾರ. ನಾಳೆ ಹೌದು ಅನ್ನುವುದಿದ್ದರೆ ಇಂದು ಸಂಜೆಯೆಲ್ಲ ಕನ್ನಡಿಯ ಮುಂದೆ ಹೌದು ಅನ್ನುತ್ತಿದ್ದ. ಸಿಟ್ಟಿನಿಂದ ಒಮ್ಮೆ, ದುಃಖದಿಂದ ಒಮ್ಮೆ, ಮುಖ ಆಚೆ ಹೊರಳಿಸಿ ಒಮ್ಮೆ. ಅತ್ತ ಸಾವಂತ್ರವ್ವ, "ಚಾ ಕುಡೀತೀರೇನ್ರಿ?" ಎಂದು ಕೇಳಿದರೆ ಅದಕ್ಕೂ "ಹೋಯ್ ಮಾಲಕ" ಎಂದೇ ಉತ್ತರ. ನಲವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಮಾಲಕ ಅನ್ನಿಸಿಕೊಂಡದ್ದು ಆಗ ಮಾತ್ರ.

ಹೀಗಿರುವಾಗ ಒಂದು ಸೋಮವಾರ ಮುಂಜಾನೆ ಧಾರಾವಾಹಿಯ ನಿರ್ದೇಶಕ ಸೌರಭನ ಫೋನು ಬಂತು. ಅವಸರದ ಮನುಷ್ಯ, ಹಿಂದು ಮುಂದು ಇಲ್ಲದೆ, "ತಾತ್ಯಾ, ತುಮಚೀ ಆಈ ಗೇಲೀ" ಅಂದ. ನಿಮ್ಮ ತಾಯಿ ಹೋದರು ಎಂದು. ಅಮೋಘಸಿದ್ಧ ಇದ್ದಲ್ಲೇ ಕುಸಿದು ಕುಳಿತ. ಸಾವಂತ್ರವ್ವ ಫೋನು ಕಸಿದುಕೊಂಡಳು.

"ಕುಠಲೀ ಆಈ?" ಯಾವ ತಾಯಿ ಎಂದು ಕೇಳಿದಳು. "ಮ್ಹೈಸಾಳಚೀ ಕಾ ಸೀರಿಯಲಚೀ?"

ಸೀರಿಯಲ್ಲಿನವಳೇ. ಈ ವಾರ ತಾತ್ಯಾನ ತಾಯಿ ಊರಲ್ಲಿ ತೀರಿಕೊಳ್ಳುತ್ತಾಳೆ, ಮೂರು ಕಂತು ಪೂರ್ತಿ ತಾತ್ಯಾನವೇ, ನಾಲ್ಕು ನಿಮಿಷದ ಒಂದೇ ಮಾತು, ತಾತ್ಯಾ ಮಾತಾಡುತ್ತ ಅಳಬೇಕು, ವಾಡೆಗೆ ವಾಡೆಯೇ ಅಳಬೇಕು ಎಂದು ಸೌರಭ ಒಂದೇ ಉಸಿರಿಗೆ ಹೇಳಿದ. ಆಮೇಲೆ ಉಸಿರು ತೆಗೆದುಕೊಂಡು, ಮೀಸೆ ತೆಗೆಯಬೇಕು ಎಂದ.

ಫೋನು ಇಟ್ಟ ಮೇಲೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು.

ಅವರ ಜನದಲ್ಲಿ ಗಂಡಸಿನ ಮೀಸೆ ಜನ್ಮದಲ್ಲಿ ಎರಡೇ ಸಲ ಇಳಿಯುವುದು. ತಂದೆಗೆ ಒಂದು ಸಲ, ತಾಯಿಗೆ ಒಂದು ಸಲ. ತಂದೆ ತೀರಿಕೊಂಡಾಗ ಅಮೋಘಸಿದ್ಧನಿಗೆ ಒಂಬತ್ತು ವರ್ಷ, ಇಳಿಸಲು ಏನೂ ಇರಲಿಲ್ಲ. ಹಾಗಾಗಿ ಆ ಮೀಸೆ ಪೂರ್ತಿ ತಾಯಿಯ ಪಾಲಿನದು. ಆ ತಾಯಿ, ಇಂದ್ರವ್ವ, ಎಂಬತ್ತೈದು ವರ್ಷದವಳು, ಮ್ಹೈಸಾಳದಲ್ಲಿ ಕಿರಿಯ ಮಗನ ಮನೆಯಲ್ಲಿ ಕುಳಿತು ಇಂದಿಗೂ ಕುರಿಗಳಿಗೂ ಸೊಸೆಗೂ ಒಂದೇ ದನಿಯಲ್ಲಿ ಬೈಯುತ್ತ ಸುಖವಾಗಿದ್ದಳು.

"ಅವ್ವ ಜೀವಂತ ಅದಾಳ. ಮೀಸಿ ಹ್ಯಾಂಗ ತಗೀಲಿ?" ಎಂದ ಅಮೋಘಸಿದ್ಧ.

"ನಿಮ್ಮ ಅವ್ವ ಅದಾಳ್ರಿ. ತಾತ್ಯಾನ ಅವ್ವ ಸತ್ತಾಳ."

"ಅವ್ವಗೋಳು ಇಬ್ಬರು. ಮೀಸಿ ಒಂದ ಐತೆಲ್ಲ."

ಸಾವಂತ್ರವ್ವ ಸೌರಭನಿಗೇ ಮತ್ತೆ ಫೋನು ಹಚ್ಚಿ, ಮೀಸೆಯ ಮೇಲೆ ಏನಾದರೂ ಬಳಿದು ಮುಚ್ಚಲು ಬರುವುದಿಲ್ಲವೇ ಎಂದು ವಿಚಾರಿಸಿದಳು. "ಕಾಕೂ, ಅಷ್ಟು ಬಳಿದರೆ ತಾತ್ಯಾನ ಮುಖಕ್ಕೆ ಬಾವು ಬಂದಂತೆ ಕಾಣುತ್ತದೆ" ಎಂದು ಅವನು ಮರಾಠಿಯಲ್ಲಿ ಹೇಳಿದ. ನಿಮ್ಮ ಯಜಮಾನರಿಗೆ ಅಡಚಣಿ ಇದ್ದರೆ ಇರಲಿ, ತಾತ್ಯಾನ ತಾಯಿಯನ್ನು ಬಿಟ್ಟು ಅಡಿಗೆಯವನ ತಾಯಿಯನ್ನು ಸಾಯಿಸುತ್ತೇವೆ, ಅದೇನು ದೊಡ್ಡ ಮಾತಲ್ಲ ಎಂದೂ ಹೇಳಿದ.

ಅಡಿಗೆಯವನ ಪಾತ್ರ ಮಾಡುವವನು ಸಾಂಗಲಿಯ ದತ್ತಾತ್ರೇಯ. ಅವನ ತಾಯಿ ಹೋಗಿ ಎಷ್ಟೋ ವರ್ಷವಾಗಿದೆ, ಆ ಕಡೆಯಿಂದ ಅವನಿಗೆ ಯಾವ ಅಡ್ಡಿಯೂ ಇಲ್ಲ. ನಾಲ್ಕು ನಿಮಿಷದ ಮಾತು ಸಿಗುತ್ತದೆಂದರೆ ಅವನು ಮೀಸೆಯೇನು, ಹುಬ್ಬು ಕೂಡ ಬೋಳಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

ಸಾವಂತ್ರವ್ವ ಗಂಡನ ಕಡೆ ನೋಡಿದಳು. ಅವನು ಕನ್ನಡಿಯ ಮುಂದೆ ಹೋಗಿ ನಿಂತಿದ್ದ. ಇಪ್ಪತ್ತೆರಡು ವರ್ಷದ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ ಮನುಷ್ಯ, ಅರವತ್ತನಾಲ್ಕು ದಾಟಿದೆ, ಇನ್ನೊಮ್ಮೆ ಯಾರು ಅವನಿಗೆ ನಾಲ್ಕು ನಿಮಿಷ ಕೊಡುತ್ತಾರೆ?

ಆದರೆ ತೊಡಕು ಇನ್ನೂ ಒಂದಿತ್ತು. ಬುಧವಾರ ಇಂದ್ರವ್ವ ಮಿರಜಿಗೆ ಬರುವವಳಿದ್ದಳು, ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಮೂರು ವರ್ಷದಿಂದ ಒಲ್ಲೆ ಒಲ್ಲೆ ಎಂದ ಮುದುಕಿಯನ್ನು ಸಾವಂತ್ರವ್ವನೇ ಕಾಡಿ ಬೇಡಿ ಒಪ್ಪಿಸಿದ್ದಳು. ಶುಕ್ರವಾರ ಶಸ್ತ್ರಕ್ರಿಯೆ ಎಂದು ದವಾಖಾನೆಯಲ್ಲಿ ಹೆಸರೂ ಬರೆಸಿ ಆಗಿತ್ತು. ತಾನು ಇರುವಾಗಲೇ ಮಗ ಮೀಸೆ ತೆಗೆದ ಎಂದು ಮುದುಕಿಗೆ ತಿಳಿದರೆ ಮುಗಿಯಿತು. 'ನನ್ನ ಕಾರ್ಯ ಆಗಿ ಹೋತು, ಸತ್ತಾಕಿಗೆ ಕಣ್ಣು ಯಾಕ' ಎಂದು ಬಂದ ಬಸ್ಸಿಗೇ ಮ್ಹೈಸಾಳಕ್ಕೆ ಹೊರಳುತ್ತಾಳೆ. ಮತ್ತೆ ಆ ಕಣ್ಣು ಈ ಜನ್ಮದಲ್ಲಿ ತೆರೆಯುವುದಿಲ್ಲ.

ಅಕ್ಕಿ ಆರಿಸುತ್ತ ಕುಳಿತಾಗ ಸಾವಂತ್ರವ್ವನಿಗೆ ಒಂದು ದಿವ್ಯವಾದ ಯುಕ್ತಿ ಹೊಳೆಯಿತು. (ಅವಳಿಗೆ ಯುಕ್ತಿ ಹೊಳೆಯುವುದು ಯಾವಾಗಲೂ ಅಕ್ಕಿ ಆರಿಸುವಾಗಲೇ, ಆ ದಿನ ಅನ್ನದಲ್ಲಿ ಹರಳು ಇದ್ದೇ ಇರುತ್ತವೆ.)

"ಮೀಸಿ ತಗದ ಬಿಡ್ರಿ" ಅಂದಳು. "ಮುಂಜಾನೆ ಬೋಳು ಮಾರೀಲೆ ಶೂಟಿಂಗಿಗೆ ಹೋಗ್ರಿ. ಸಂಜಿಗೆ ಹುಸಿಮೀಸಿ ಹಚಗೊಂಡು ಮನೀಗೆ ಬರ್ರಿ. ಅತ್ತೀಗೆ ಹ್ಯಾಂಗಿದ್ರೂ ಮಬ್ಬ ಕಾಣತೈತಿ."

"ಮಂದಿ ನಾಟಕದಾಗ ಮೀಸಿ ಹಚ್ಚಿ ಮನ್ಯಾಗ ತಗೀತಾರ. ನಾ ನಾಟಕದಾಗ ತಗದು ಮನ್ಯಾಗ ಹಚ್ಚೂದೇನ?"

"ಮನ್ಯಾಗರೆ ನಿಮಗೊಂದು ದೊಡ್ಡ ಪಾರ್ಟ್ ಸಿಕ್ಕಂಗಾತು."

"ಕಣ್ಣು ಬಂದ ಮ್ಯಾಲ?"

"ಬಂದ ಮ್ಯಾಲ ನೋಡೋಣು."

ಮಂಗಳವಾರ ಮುಂಜಾನೆ ಅಮೋಘಸಿದ್ಧ ಓಣಿಯ ತುದಿಯಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದ ಮಾರೆಪ್ಪನ ಹತ್ತಿರ ಹೋಗಿ ಕುರ್ಚಿಯಲ್ಲಿ ಕುಳಿತು ಮೀಸೆಯ ಕಡೆ ಬೆರಳು ತೋರಿಸಿದ. ಮಾರೆಪ್ಪ ಕತ್ತರಿ ಕೆಳಗಿಟ್ಟು ಟೋಪಿ ತೆಗೆದ.

"ಯಾವಾಗ ಹೋದ್ರು ಅಮ್ಮಾರು?"

"ಯಾರೂ ಹೋಗಿಲ್ಲೋ ಮಾರಾಯ. ಟೀವಿ ಸಲುವಾಗಿ."

"ಟೀವಿ ಸಲುವಾಗಿ ಇದ್ದ ತಾಯೀನ ಸಾಯಸ್ತೀರೇನ್ರಿ? ನನ್ನ ಕತ್ತರಿಗೆ ಪಾಪ ಹತ್ತತೈತಿ."

ಕಡೆಗೆ ಸಾವಂತ್ರವ್ವನೇ ಬಂದು, ಪಾಪ ಏನಿದ್ದರೂ ನನ್ನ ಹೆಸರಿಗೆ ಇರಲಿ, ನೀನು ಮೀಸೆ ತೆಗೆ, ಬಾಯಿ ಮುಚ್ಚು ಎಂದು ಗದರಿದ ಮೇಲೆ ಅವನು ಕೈ ಹಚ್ಚಿದ. ಎಡಗಡೆಯದು ಹೋಯಿತು. ಬಲಗಡೆಯದು ಹೋಯಿತು. ನೀರು ಹಚ್ಚಿ ಒರೆಸಿ ಮಾರೆಪ್ಪ ಕುರ್ಚಿ ಇವಳ ಕಡೆ ತಿರುಗಿಸಿದ.

ಸಾವಂತ್ರವ್ವ ಗಾಬರಿಯಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಕುರ್ಚಿಯಲ್ಲಿ ಅವಳ ಅತ್ತೆ ಕುಳಿತಿದ್ದಳು. ಅದೇ ಬಿಗಿದ ತುಟಿ, ಅದೇ ಮೇಲ್ದುಟಿಯ ನಡುವಿನ ಕುಣಿ, ಏನೋ ಹುಳುಕು ಹುಡುಕಿ ಹೇಳಲು ಕಾಯುತ್ತಿರುವಂಥ ಅದೇ ಬಾಯಿ. ನಲವತ್ತೆರಡು ವರ್ಷ ಯಾರ ಸಂಗಡ ಸಂಸಾರ ಮಾಡಿದೆ ಎಂದು ಅವಳಿಗೆ ಆಗ ತಿಳಿಯಿತು. ಮೀಸೆ ಎಂಬುದು ಮೀಸೆಯಲ್ಲ, ಅತ್ತೆ ಸೊಸೆಯ ನಡುವೆ ದೇವರು ಹಾಕಿದ ಪರದೆ. ಅದನ್ನು ತಾನೇ ಎತ್ತಿಸಿದ್ದಳು.

"ಹ್ಯಾಂಗ ಕಾಣತೀನಿ?" ಎಂದು ಅತ್ತೆಯ ಬಾಯಿಂದ ಗಂಡನ ದನಿ ಕೇಳಿತು.

"ಚಲೋ ಅದೀರ್ರಿ" ಎಂದು ಅವಳು ನೆಲ ನೋಡುತ್ತ ಹೇಳಿದಳು.

ಆ ಮಧ್ಯಾಹ್ನ ಅವಳು ಟ್ರಂಕು ತೆರೆದಳು. ಒಳಗೆ ಮೊಮ್ಮಗನಿಗೆ ಕಂಬಳಿ ಮಾಡಿಸಲೆಂದು ಮ್ಹೈಸಾಳದಿಂದ ತಂದಿಟ್ಟ ಉಣ್ಣೆ ಇತ್ತು, ಕರಿಯದು ಒಂದು ಗಂಟು, ಕರಿ ಬಿಳಿ ಕೂಡಿದ್ದು ಒಂದು ಗಂಟು. ಹಳೆಯ ಸೀರೆಯ ಅಂಚು ಎರಡು ಬೆರಳಿನಷ್ಟು ಕತ್ತರಿಸಿ, ಅದರ ಮೇಲೆ ಉಣ್ಣೆಯನ್ನು ಎಳೆ ಎಳೆಯಾಗಿ ಹೆಣೆದು, ಎಣ್ಣೆ ಹಚ್ಚಿ ತಿರುವಿದಳು. ಕುರಿಯವರ ಮಗಳ ಕೈ. ಸಂಜೆಗೆ ಮೀಸೆ ತಯಾರಾಯಿತು. ಅಂಟು ಬಳಿದು ಗಂಡನಿಗೆ ಹಚ್ಚಿ ನೋಡಿದಾಗ ಅತ್ತೆ ಮಾಯವಾಗಿ ಗಂಡ ಪ್ರತ್ಯಕ್ಷನಾದ. ಸಾವಂತ್ರವ್ವ ನಿರಾಳವಾಗಿ ಉಸಿರು ಬಿಟ್ಟಳು.

ಬುಧವಾರ ಇಂದ್ರವ್ವ ಬಂದಳು. ಬಂದವಳೇ ಮಗನನ್ನು ಹತ್ತಿರ ಕರೆದು ಕೆನ್ನೆ ಸವರಿ ನೆಟಿಗೆ ಮುರಿದಳು. ಮೀಸೆ ಅಲುಗಲಿಲ್ಲ. ಆದರೆ ಮುದುಕಿ ಮೂಗು ಅರಳಿಸಿದಳು.

"ಮನ್ಯಾಗ ಕುರಿ ಕಟ್ಟೀರೇನ?"

"ಎರಡನೇ ಮಜಲಿನ್ಯಾಗ ಕುರಿ ಎಲ್ಲಿಂದ ಬರ್ತಾವ್ರಿ ಅತ್ತಿ? ಓಣ್ಯಾಗ ಹಾದು ಹೋಗಿರಬೇಕು."

"ಹಾದು ಹೋಗಿಲ್ಲ. ಇಲ್ಲೇ ಕುಂತಾವ."

ಬಿಸಿ ಚಹಾದ ಆವಿ ತಾಗಿದಷ್ಟೂ ಆ ಮೀಸೆ ಆಷಾಢದಲ್ಲಿ ತೊಯ್ದ ಕುರಿಹಿಂಡಿನ ಹಾಗೆ ನಾರುತ್ತಿತ್ತು. ಮುದುಕಿಗೆ ಅದೇ ಹಿತವಾಯಿತು. "ಊರಾಗ ಇದ್ದಂಗ ಅನಸ್ತೈತಿ. ಇನ್ನ ಎಂಟ ದಿನಾ ಹೆಚ್ಚಿಗಿ ಇರತೀನಿ" ಅಂದಳು.

ಮರುದಿನದಿಂದ ಸಾವಂತ್ರವ್ವನ ಗೋಳು ಶುರುವಾಯಿತು. ಗಂಡ ಸಾಂಗಲಿಯ ಆಚೆಯ ವಾಡೆಯಲ್ಲಿ ದಿನವಿಡೀ ಬೋಳು ಮುಖದಲ್ಲಿ ಅತ್ತು ಬಸ್ಸಿಗೆ ಬರುವ ಹೊತ್ತಿಗೆ ಇವಳು ಮೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲ ತಿರುವಿನಲ್ಲಿ ಕಾಯಬೇಕು. ಅವನು ಹತ್ತಿ ಬರುತ್ತಲೇ ಎರಡೂ ಕೈಯಿಂದ ಮುಖ ಹಿಡಿದು ಮೀಸೆ ಒತ್ತಬೇಕು, ಅಂಟು ಒಣಗುವ ತನಕ ಹಾಗೇ ಹಿಡಿದು ನಿಲ್ಲಬೇಕು. ಅವನಿಗೆ ಮಾತಾಡಲು ಬರದು, ಇವಳ ಮುಖ ನೋಡುತ್ತ ನಿಲ್ಲುತ್ತಾನೆ. ನೆರೆಮನೆಯ ಸರುಬಾಯಿ ಕಸ ಚೆಲ್ಲಲು ಇಳಿದವಳು ಇದನ್ನು ಕಂಡು ಹಾಗೇ ಹಿಂದಕ್ಕೆ ಹತ್ತಿದಳು.

"ವಹಿನಿ, ನಿಮ್ಮಂಥಾ ಜೋಡಿ ನೋಡಿಲ್ಲ ಬಿಡ್ರಿ" ಎಂದಳು ಆಮೇಲೆ. "ನಮ್ಮವರು ಮನ್ಯಾಗ ಕುಂತ್ರೂ ನನ್ನ ಮಾರಿ ನೋಡೂದಿಲ್ಲ. ನಿಮ್ಮವರಿಗೆ ಮೆಟ್ಟಲಾ ಹತ್ತೂ ತನಾನೂ ದಮ್ಮ ಇಲ್ಲ."

ಸಾವಂತ್ರವ್ವ ನಾಚಿದಂತೆ ಮಾಡಿದಳು.

ಗುರುವಾರ ಸಂಜೆ ಆ ಅಂಟು ಕೈಕೊಟ್ಟಿತು. ತಾಯಿಯ ಮುಂದೆ ಚಹಾ ಕುಡಿಯುವಾಗ ಬಲಮೀಸೆ ಕಪ್ಪಿನ ಕೆಳಗಿನ ಬಸಿಗೆ ಜಾರಿತು. ಅಮೋಘಸಿದ್ಧ ಅದನ್ನು ಬಿಸ್ಕೀಟಿನಂತೆ ಎತ್ತಿ ಬಾಯಿಗೆ ಒತ್ತಿಕೊಂಡು ಒಳಗೆ ಓಡಿದ. ಶುಕ್ರವಾರ ಶಸ್ತ್ರಕ್ರಿಯೆ, ಶನಿವಾರ ಪಟ್ಟಿ ಬಿಚ್ಚುವುದು, ಅಲ್ಲಿಯ ತನಕ ಮೀಸೆ ನಿಲ್ಲಲೇಬೇಕು. ಸಾವಂತ್ರವ್ವ ಗಂಡನ ಹಳೆಯ ಕಾರಖಾನೆಗೆ ಹೋಗಿ ಸಿತಾರಿನ ಕಟ್ಟಿಗೆ ಕೂಡಿಸುವ ಅಂಟು ತಂದಳು. ಕಾಯಿಸಿ ಹಚ್ಚುವ ಅಂಟು. ಅದರಲ್ಲಿ ಕೂಡಿಸಿದ ಸಿತಾರ ಮೂರು ತಲೆಮಾರು ಬಿಚ್ಚುವುದಿಲ್ಲ.

ಮೀಸೆಯೂ ಬಿಚ್ಚಲಿಲ್ಲ. ಶುಕ್ರವಾರ ನಸುಕಿಗೆ ಶೂಟಿಂಗಿಗೆ ಹೊರಡುವಾಗ ಎಳೆದರು, ಉಗುರಿನಿಂದ ಕೆರೆದರು, ಬಿಸಿನೀರಿನ ಅರಿವೆ ಇಟ್ಟು ಇಟ್ಟು ಕಡೆಗೆ ಸಾವಂತ್ರವ್ವ ಗೋಡೆಗೆ ಕಾಲು ಕೊಟ್ಟು ಜಗ್ಗಿದಾಗ ಬಂತು. ಅಮೋಘಸಿದ್ಧನ ಮೇಲ್ದುಟಿ ಕೆಂಪು ಮೆಣಸಿನಕಾಯಿಯಂತಾಗಿ ಕಣ್ಣಿಂದ ಧಾರೆ ಇಳಿಯುತ್ತಿತ್ತು. ಆ ಕಣ್ಣೀರಿನಲ್ಲೇ ಅವನು ಬಸ್ಸು ಹತ್ತಿ ಹೋಗಿ ನಾಲ್ಕು ನಿಮಿಷದ ಮಾತು ಹೇಳಿದ. ಹೇಳಿ ಮುಗಿಸಿದಾಗ ವಾಡೆಯಲ್ಲಿ ದೀಪ ಹಿಡಿಯುವವರು ಕೂಡ ಮೂಗು ಒರೆಸಿಕೊಳ್ಳುತ್ತಿದ್ದರಂತೆ. ಕಲೆ ಎಂದರೆ ಇದು ಎಂದು ಸೌರಭ ಕಾಲು ಮುಟ್ಟಿದನಂತೆ. ಕಲೆ ಅಲ್ಲ, ಅಂಟು ಎಂದು ಅಮೋಘಸಿದ್ಧ ಅವನಿಗೆ ಹೇಳಲಿಲ್ಲ.

ಅದೇ ಹೊತ್ತಿಗೆ ಇಂದ್ರವ್ವನ ಬಲಗಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದರು. ಎಲ್ಲ ಸುಸೂತ್ರ.

ಶನಿವಾರ ಮುಂಜಾನೆ ದವಾಖಾನೆಗೆ ಹೊರಡುವ ಮುನ್ನ ಸಾವಂತ್ರವ್ವ ಮೀಸೆಯನ್ನು ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ, ಹೊಸದಾಗಿ ಅಂಟಿಸಿದಳು. ಇಂದು ಒಂದು ದಿನ ದಾಟಿದರೆ ಸಾಕು, ನಾಳೆ ಹೇಗಾದರೂ ಒಪ್ಪಿಸಿ ಅತ್ತೆಯನ್ನು ಮ್ಹೈಸಾಳಕ್ಕೆ ಬಿಟ್ಟು ಬಂದರೆ ತಿಂಗಳೊಪ್ಪತ್ತಿನಲ್ಲಿ ನಿಜವಾದದ್ದು ಚಿಗುರುತ್ತದೆ ಎಂದು ಅವಳ ವಿಚಾರ.

ಮಿರಜಿನ ಡಾಕ್ಟರಿಗೆ ಗಡಿಯಾಚೆಯ ಪೇಷಂಟುಗಳನ್ನು ನೋಡಿ ನೋಡಿ ಕನ್ನಡ ಬರುತ್ತಿತ್ತು. ಅವನು ನಾಜೂಕಾಗಿ ಪಟ್ಟಿ ಬಿಚ್ಚಿ, ಕಣ್ಣು ಒರೆಸಿ, ಎದುರಿಗೆ ಮಗನನ್ನು ನಿಲ್ಲಿಸಿದ.

"ಅಜ್ಜಿ, ಏನು ಕಾಣತದ ಹೇಳ್ರಿ."

ಇಂದ್ರವ್ವ ಕಣ್ಣು ಕಿರಿದು ಮಾಡಿದಳು. ದೊಡ್ಡದು ಮಾಡಿದಳು. ಮುಂದೆ ಬಾಗಿದಳು.

"ಎರಡು ಕುರಿ."

ಡಾಕ್ಟರ ಮುಖದ ಕಳೆ ಇಳಿದು ಹೋಯಿತು. ಬ್ಯಾಟರಿ ಬಿಟ್ಟು ಕಣ್ಣಿನೊಳಗೆ ನೋಡಿದ. ಕೈ ಎತ್ತಿ, "ಎಷ್ಟು ಬೆರಳು?" ಎಂದು ಕೇಳಿದ.

"ಮೂರು. ನಡುವಿನ ಬೆರಳಿಗೆ ಶಾಯಿ ಹತ್ತೈತಿ, ತೊಳಕೊ."

"ಮತ್ತ ಕುರಿ ಎಲ್ಲಿ ಅದಾವ ಅಜ್ಜಿ?"

"ನನ್ನ ಮಗನ ಮಾರಿ ಮ್ಯಾಲ." ಮುದುಕಿ ಕೈ ಚಾಚಿದಳು. "ಬಲಗಡಿದು ನಮ್ಮ ಚಂದ್ರಿ ಕುರಿದು. ಎಡಗಡಿದು ಆಕಿ ಮಗಳದು, ಮೊದಲನೇ ಕತ್ತರಿ. ಮರಿ ಉಣ್ಣಿ ಮೆತ್ತಗ ಇರತೈತಿ, ಅದಕ್ಕ ಈ ಕಡೆ ಜೋತು ಬಿದ್ದೈತಿ. ಕಂಬಳಿಗೆ ಅಂತ ಕೊಟ್ಟಿದ್ನಲ್ಲೇ ಸಾವಂತ್ರಿ, ಇದನ್ನ?"

ಅರವತ್ತು ವರ್ಷ ಉಣ್ಣೆ ಆರಿಸಿದ ಕೈ ಅದು. ಸಾವಂತ್ರವ್ವನಿಗೆ ಅಡಗಲು ಜಾಗ ಇರಲಿಲ್ಲ, ಡಾಕ್ಟರ ಮೇಜು ಬಹಳ ಸಣ್ಣದು. ಅಲ್ಲೇ ನಿಂತು ಎಲ್ಲ ಹೇಳಿದಳು. ತಾತ್ಯಾನ ತಾಯಿಯ ಸುದ್ದಿ, ದತ್ತಾತ್ರೇಯನ ಸುದ್ದಿ, ಅಕ್ಕಿ ಆರಿಸಿದ ಸುದ್ದಿ. ಡಾಕ್ಟರ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ನಿಂತ. ಇಂದ್ರವ್ವ ನಗಲಿಲ್ಲ.

ಮನೆಗೆ ಬಂದು ಬಿಸಿನೀರು ಹಚ್ಚಿ ಮೀಸೆ ತೆಗೆದ ಮೇಲೆ ಇಂದ್ರವ್ವ ಮಂಚದ ಮೇಲೆ ಕುಳಿತು ಮಗನ ಬೋಳು ಮುಖವನ್ನು ಬಹಳ ಹೊತ್ತು ನೋಡಿದಳು.

"ನಿಮ್ಮಪ್ಪ ಸತ್ತಾಗ ನನ್ನ ಕಡೆ ಏನೂ ಇರಲಿಲ್ಲ" ಅಂದಳು. "ನಿನ್ನ ತಮ್ಮನ್ನ ಬೆನ್ನಿಗೆ ಹಾಕ್ಕೊಂಡು, ನಿನ್ನ ಕೈ ಹಿಡಕೊಂಡು ಕುರಿ ಹೊಡದೆ. ನಾ ಹೋದ ದಿನ ಒಂದು ಮೀಸಿ ಇಳೀತೈತಿ ಅಂತ ಇತ್ತು. ಅದನ್ನೂ ಯಾವಾಕಿಗೋ ಕೊಟ್ಟ ಬಂದಿ."

ಅಮೋಘಸಿದ್ಧ ಅವಳ ಕಾಲ ಬಳಿ ಕುಳಿತ. "ಆಕಿಗೆ ಮಾರೀನೂ ಇಲ್ಲ ಯವ್ವಾ. ಆಕೀನ ಯಾರೂ ನೋಡಿಲ್ಲ. ಸತ್ಲು ಅಂದ್ರು, ನಾ ಅತ್ತೆ. ಅಳುವಾಗ ನಿನ್ನ ನೆನಸಿಕೊಂಡ ಅತ್ತೇನಿ."

"ಏನಂತ ಅತ್ತಿ?"

"ಬರದು ಕೊಟ್ಟಿದ್ರು."

"ಅತ್ತು ತೋರ್ಸು."

ಹೀಗೆ, ಬದುಕಿದ್ದ ತಾಯಿಯ ಎದುರಿಗೆ ಅಮೋಘಸಿದ್ಧ ಅವಳು ಸತ್ತ ದುಃಖದಲ್ಲಿ ಅತ್ತ. ಬರೆದು ಕೊಟ್ಟದ್ದು ಮರಾಠಿ, ಇವನು ತಾಯಿಗೋಸ್ಕರ ಕನ್ನಡದಲ್ಲಿ ಅತ್ತ. "ಯವ್ವಾ, ನನ್ನ ಬಿಟ್ಟು ಹ್ಯಾಂಗ ಹೋದಿ. ಇನ್ನ ದಣದು ಬಂದ್ರ ನನಗ ಯಾರು ನೀರ ಕೊಡ್ತಾರ."

"ನೀರು ಸಾವಂತ್ರಿ ಕೊಡ್ತಾಳ. ಆ ಮಾತು ತಗಿ" ಎಂದಳು ಇಂದ್ರವ್ವ. "ಹಿಂಗ ಅಳೂದಿಲ್ಲ. ಸತ್ತಾಕಿ ಏನೇನ ಮಾಡಿದ್ಲು ಅದನ್ನ ಒಂದೊಂದ ಎತ್ತಿ ಅಳಬೇಕು. ಪಂಢರಪುರದ ದಾರ‍್ಯಾಗ ಮಳಿ ಬಂದಾಗ ನಿನ್ನ ಮರಿಗೋಳ ನಡುವ ಮಲಗಿಸಿ ಕಂಬಳಿ ಹೊಚ್ಚಿ ನಾ ನೆನೀತ ನಿಂತಿದ್ದೆ. ಅದನ್ನ ಹೇಳು."

ಅವನು ಅದನ್ನು ಹೇಳಿದ. ಹೇಳುತ್ತ ಹೇಳುತ್ತ ದನಿ ಸೌರಭ ಬರೆದುಕೊಟ್ಟದ್ದನ್ನು ಬಿಟ್ಟು ಎಲ್ಲಿಗೋ ಹೋಯಿತು. ಬಾಗಿಲಲ್ಲಿ ನಿಂತಿದ್ದ ಸಾವಂತ್ರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನೋಡಿದರೆ ಮುದುಕಿಯ ಕಣ್ಣಲ್ಲೂ ನೀರು.

"ಅತ್ತೀ, ಅಳಬ್ಯಾಡ್ರಿ. ಕಣ್ಣಿಗೆ ನೀರು ಬರಬಾರದು ಅಂತ ಡಾಕ್ಟರ್ ಹೇಳ್ಯಾನ."

"ಆ ಕಣ್ಣಾಗ ಅಳವಲ್ಲೆ. ಪೊರೆ ಇದ್ದ ಕಣ್ಣಾಗ ಅಳತೀನಿ, ನೀ ಸುಮ್ಮಿರು."

ಅತ್ತು ಮುಗಿದ ಮೇಲೆ ಇಂದ್ರವ್ವನ ಮನಸ್ಸು ಹಗುರಾಯಿತು. ಯಾರಿಗೆ ಸಿಗುತ್ತದೆ ಇದು? ತನಗಾಗಿ ಮಗ ಹೇಗೆ ಅಳುತ್ತಾನೆಂದು ಕೂತು, ನೋಡಿ, ತಪ್ಪು ತಿದ್ದಿ, ಮೇಲೆ ಚಹಾ ಕುಡಿದವಳು ಮ್ಹೈಸಾಳ ಸೀಮೆಯಲ್ಲಿ ಅವಳೊಬ್ಬಳೇ. "ಇನ್ನ ಖರೇ ಹೋದಾಗ ಅತ್ತರೂ ನಡೀತು, ಬಿಟ್ಟರೂ ನಡೀತು" ಎಂದು ಮಗನ ಗಲ್ಲ ಹಿಡಿದಳು. "ಇನ್ನೊಂದು ಕಣ್ಣು ಮುಂದಿನ ತಿಂಗಳ ತಗಸೋಣು. ಅಲ್ಲೀ ತನಾ ನಾ ಇಲ್ಲೇ ಇರತೀನಿ."

ಸಾವಂತ್ರವ್ವ ಗೆದ್ದೆ ಎಂದುಕೊಂಡಳು. ಕಣ್ಣು ಬಂತು, ನಾಲ್ಕು ನಿಮಿಷ ಬಂತು, ಮುದುಕಿಯ ಸಿಟ್ಟು ಹೋಯಿತು. ಇಷ್ಟಕ್ಕೇ ಕತೆ ಮುಗಿದಿದ್ದರೆ ಅವಳಂಥ ಚತುರೆ ಮಿರಜಿನಲ್ಲೇ ಇಲ್ಲ ಎಂದು ಬರೆಯಬಹುದಿತ್ತು.

ಭಾನುವಾರ ಸೌರಭ ಹಣ್ಣಿನ ಬುಟ್ಟಿ ಹಿಡಿದು ಮುದುಕಿಯನ್ನು ಮಾತಾಡಿಸಲು ಬಂದ. ಮಂಚದ ಮೇಲೆ ತಾಯಿ ಮಗ ಒಂದೇ ಸಾಲಿನಲ್ಲಿ ಕುಳಿತು ಹಲ್ಲಿಲ್ಲದವಳೊಬ್ಬಳು, ಹಲ್ಲಿದ್ದವನೊಬ್ಬ, ಬಾಳೆಹಣ್ಣು ತಿನ್ನುತ್ತಿದ್ದರು. ಸೌರಭ ಬಾಗಿಲಲ್ಲೇ ನಿಂತ. ಇವಳನ್ನು ನೋಡಿದ, ಅವನನ್ನು ನೋಡಿದ, ಮತ್ತೆ ಇವಳನ್ನು ನೋಡಿದ. ಬುಟ್ಟಿ ಸಾವಂತ್ರವ್ವನ ಕೈಗೆ ಕೊಟ್ಟು ಫೋನು ತೆಗೆದು ಮೆಟ್ಟಿಲ ಕಡೆ ಹೋದ. ತಿರುಗಿ ಬಂದಾಗ ಧಾರಾವಾಹಿಯ ಕತೆ ಬದಲಾಗಿತ್ತು.

ತಾತ್ಯಾನಿಗೆ ಹಳೆಯದೆಲ್ಲ ನೆನಪಾಗುತ್ತದೆ. ನೆನಪಿನಲ್ಲಿ ತಾಯಿ ಬರುತ್ತಾಳೆ. ಒಂದಲ್ಲ ಎರಡಲ್ಲ, ಹದಿನೈದು ಕಂತು. ಸೌರಭ ಕೈ ಮುಗಿದು ಆ ಪಾತ್ರಕ್ಕೆ ಮೊದಲು ಇಂದ್ರವ್ವನನ್ನೇ ಕರೆದ.

"ಸತ್ತಾಕಿ ಪಾರ್ಟ್ ನಾ ಮಾಡೂದಿಲ್ಲಪ್ಪ" ಎಂದಳು ಇಂದ್ರವ್ವ. "ಇವಗ ಹಚ್ಚು. ಮಾರಿ ನಂದ ಐತಿ, ಹ್ಯಾಂಗ ಬಯ್ಯೂದು ಅಂತ ನಾ ಕಲಿಸ್ತೀನಿ."

ಸೌರಭ ಒಪ್ಪಿದ. ಮೀಸೆ ಬೆಳೆಯದಂತೆ ದಿನಾ ಬೆಳಿಗ್ಗೆ ಮಾರೆಪ್ಪ ಮನೆಗೇ ಬರತೊಡಗಿದ. ಅಮೋಘಸಿದ್ಧನಿಗೆ ಈಗ ಕಂತಿಗೆ ಆರೇಳು ಪುಟ ಮಾತು. ಇಪ್ಪತ್ತೆರಡು ವರ್ಷ ಎರಡು ಮಾತನ್ನೇ ದಿನವಿಡೀ ಅಭ್ಯಾಸ ಮಾಡಿದವನು ಆರು ಪುಟ ಸಿಕ್ಕರೆ ಬಿಡುತ್ತಾನೆಯೇ? ಮೊದಲ ದಿನವೇ ತಾಯಿಯ ಹಸಿರು ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು ಅಡಿಗೆಮನೆಗೆ ಬಂದ. ಹಿಂದಿನಿಂದ ಕುರ್ಚಿ ತಂದುಕೊಂಡು ಇಂದ್ರವ್ವ ಬಂದಳು. ಸನ್ನಿವೇಶ ಹೀಗಿತ್ತು. ಸೊಸೆ ಒಲೆಯ ಮುಂದೆ, ರೊಟ್ಟಿ ಸೀದಿದೆ, ಅತ್ತೆ ಬೈಯುತ್ತಾಳೆ. ಒಲೆಯ ಮುಂದೆ ಸಾವಂತ್ರವ್ವ ನಿಜವಾಗಿಯೂ ನಿಂತಿದ್ದಳು, ರೊಟ್ಟಿಯೂ ಇವರನ್ನು ನೋಡುವ ಭರದಲ್ಲಿ ನಿಜವಾಗಿಯೂ ಸೀದಿತ್ತು.

"ಇದೇನ ರೊಟ್ಟೀನೋ, ಚಪ್ಪಲಿ ಅಟ್ಟೀನೋ?" ಎಂದು ಒಬ್ಬ ಅತ್ತೆ ಶುರು ಮಾಡಿದಳು.

"ಹಂಗಲ್ಲೋ. ರೊಟ್ಟಿ ಎತ್ತಿ ಬೆಳಕಿಗೆ ಹಿಡದು, ಆಮ್ಯಾಲ ಅನಬೇಕು" ಎಂದು ಇನ್ನೊಬ್ಬ ಅತ್ತೆ ತೋರಿಸಿದಳು. "ನಿಮ್ಮವ್ವ ಇದನ್ನ ಕಲಿಸಿ ಕಳಿಸ್ಯಾಳೇನ ಅನ್ನು. ಅದು ನಾಟಬೇಕು."

"ನಿಮ್ಮವ್ವ ಇದನ್ನ ಕಲಿಸಿ ಕಳಿಸ್ಯಾಳೇನ?"

"ಹಾಂ. ಇನ್ನೊಮ್ಮೆ."

ಏಳು ಸಲ ಆಯಿತು. ಏಳು ಸಲವೂ ಸಾವಂತ್ರವ್ವನ ತವರುಮನೆ ಬೆಳಕಿಗೆ ಬಂತು. ನಲವತ್ತೆರಡು ವರ್ಷದಲ್ಲಿ ಮರೆತ ಬೈಗುಳಗಳನ್ನೆಲ್ಲ ಇಂದ್ರವ್ವ ನೆನಪು ಮಾಡಿ ಮಾಡಿ ಕೊಡುತ್ತಿದ್ದಳು, ಅಮೋಘಸಿದ್ಧ ಅವನ್ನು ಅದೇ ತುಟಿಯಿಂದ ಆಡಿ ತೋರಿಸುತ್ತಿದ್ದ. ಎಂಟನೆಯ ಸಲಕ್ಕೆ ಸಾವಂತ್ರವ್ವ ಲಟ್ಟಣಿಗೆ ಕೆಳಗಿಟ್ಟಳು.

"ಇಷ್ಟೆಲ್ಲ ಬಯ್ಸಿಕೊಂಡ ಮ್ಯಾಲ ಸೊಸಿ ಏನಂತಾಳ? ನಂದ ಡೈಲಾಗ್ ಎಲ್ಲೈತಿ?"

ಅಮೋಘಸಿದ್ಧ ಸೆರಗಿನಿಂದ ಕಾಗದ ತೆಗೆದು ಮುಂದೆ ನೋಡಿದ, ಹಿಂದೆ ತಿರುವಿ ನೋಡಿದ.

"ಏನೂ ಇಲ್ಲ. ಸೊಸಿ ಸುಮ್ಮ ನಿಂದರತಾಳ, ಅಷ್ಟ."

ಇಂದ್ರವ್ವ ಹೊಸ ಕಣ್ಣಿನಿಂದ ಸಾವಂತ್ರವ್ವನನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿದಳು.

"ಸುಮ್ಮ ನಿಂದರೂದು ಇಕಿ ಕಡಿಂದ ಆಗೂದಿಲ್ಲೋ" ಅಂದಳು. "ಸರುಬಾಯೀನ ಕರಿ."